ಸುಂಕದ ಕಟ್ಟೆ ಕುಸಿದಾಗ: ಲಿವರ್ ಸಿರೋಸಿಸ್ ಮತ್ತು ಸೋಂಕು

(ನಮ್ಮೂರ ಗ್ರಂಥಾಲಯದ ಮಹಡಿಯಲ್ಲಿ ಮೊನ್ನೆ ಆಡಿದ ಮಾತುಗಳಿವು. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಜನ ಕೇಳಿದ ಕೆಲವು ಪ್ರಶ್ನೆಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ, ಅದಕ್ಕೇ ಪರದೆ, ಚಿತ್ರ ಏನೂ ತಂದಿಲ್ಲ. ಬರೀ ಬಾಯಿಮಾತು.

ಮೊದಲು ನನ್ನದೇ ಒಂದು ತಪ್ಪಿನ ಕಥೆ ಹೇಳುತ್ತೇನೆ. ನಾನಾಗ ಈ ಕೆಲಸಕ್ಕೆ ಹೊಸಬ. ಒಂದು ರಾತ್ರಿ ಹತ್ತರ ಹೊತ್ತಿಗೆ ಒಬ್ಬ ಹೆಂಗಸು ಗಂಡನನ್ನು ಆಟೋದಲ್ಲಿ ಕರೆತಂದರು. ಅವರಿಗೆ ಸಿರೋಸಿಸ್, ಅಂದರೆ ಲಿವರ್ ಕಲೆ ಕಟ್ಟಿ ಗಟ್ಟಿಯಾಗುವ ಕಾಯಿಲೆ, ಇರುವುದು ಮೊದಲೇ ಗೊತ್ತಿತ್ತು. ಹೊಟ್ಟೆಯಲ್ಲಿ ನೀರು ತುಂಬಿತ್ತು, ಅದೂ ಹೊಸದಲ್ಲ. "ಏನಾಗಿದೆ?" ಅಂತ ಕೇಳಿದೆ. ಆಕೆ ಹೇಳಿದ್ದು ಇಷ್ಟೇ: "ನಿನ್ನೆಯಿಂದ ಯಾಕೋ ಇವರು ಇವರ ಹಾಗಿಲ್ಲ ಡಾಕ್ಟ್ರೇ. ಸಂಜೆ ಅಡುಗೆಮನೆಯನ್ನೇ ಬಚ್ಚಲು ಅಂದ್ಕೊಂಡ್ರು."

ಜ್ವರ ನೋಡಿದೆ, ಇರಲಿಲ್ಲ. ಹೊಟ್ಟೆ ಒತ್ತಿದೆ, ನೋವು ಅನ್ನಲಿಲ್ಲ. ರಕ್ತದಲ್ಲಿ ಬಿಳಿಕಣಗಳ ಲೆಕ್ಕ ಐದು ಸಾವಿರ ಚಿಲ್ಲರೆ. ಯಾವ ಲ್ಯಾಬಿನವರೂ ಕೆಂಪು ಗೆರೆ ಎಳೆಯದ ಲೆಕ್ಕ ಅದು. ಹೊಟ್ಟೆಯ ನೀರು ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಬೇಕು ಅಂತ ನನಗೆ ಗೊತ್ತಿತ್ತು. ಆದರೆ ರಾತ್ರಿಯಾಗಿದೆ, ಜ್ವರವಂತೂ ಇಲ್ಲ, ಬೆಳಿಗ್ಗೆ ತೆಗೆದರಾಯಿತು ಅಂದುಕೊಂಡೆ. ಬೆಳಿಗ್ಗೆ ತೆಗೆದಾಗ ನೀರು ಮಸುಕಾಗಿ, ಅಕ್ಕಿ ತೊಳೆದ ನೀರಿನ ಹಾಗಿತ್ತು. ಅದರ ತುಂಬ ಸೋಂಕು. ಅಷ್ಟರಲ್ಲಿ ಕಿಡ್ನಿ ಕೈಕೊಡಲು ಶುರುವಾಗಿತ್ತು. ಒಂಬತ್ತನೇ ದಿನ ಅವರು ಹೋದರು.

ರಾತ್ರಿಯೇ ತೆಗೆದಿದ್ದರೆ ಉಳಿಯುತ್ತಿದ್ದರಾ? ಖಂಡಿತ ಅಂತ ಹೇಳಲು ಬರುವುದಿಲ್ಲ. ಆದರೆ ಆ ಹೆಂಗಸು ನನಗಿಂತ ಮೊದಲೇ ರೋಗವನ್ನು ಗುರುತಿಸಿದ್ದರು. "ಇವರು ಇವರ ಹಾಗಿಲ್ಲ" ಅನ್ನುವ ಆ ಮಾತಿನಲ್ಲೇ ಎಲ್ಲ ಇತ್ತು. ನಾನು ಥರ್ಮಾಮೀಟರಿನ ಮಾತು ಕೇಳಿದೆ.

ಯಾಕೆ ಹೀಗಾಗುತ್ತದೆ ಅಂತ ತಿಳಿಯಬೇಕಾದರೆ ಲಿವರ್ ಎಲ್ಲಿ ಕೂತಿದೆ ಅನ್ನುವುದನ್ನು ನೋಡಬೇಕು. ಪುಸ್ತಕದಲ್ಲಿ ಯಕೃತ್ತು, ಪಿತ್ತಜನಕಾಂಗ ಅಂತೆಲ್ಲ ಬರೆಯುತ್ತಾರೆ. "ನನ್ನ ಪಿತ್ತಜನಕಾಂಗ ಸರಿಯಿಲ್ಲ" ಅಂತ ಇದುವರೆಗೆ ಒಬ್ಬ ರೋಗಿಯೂ ನನ್ನ ಹತ್ತಿರ ಬಂದಿಲ್ಲ. ಹಾಗಾಗಿ ಲಿವರ್ ಅಂತಲೇ ಅನ್ನೋಣ. ಬಲಗಡೆ ಪಕ್ಕೆಲುಬಿನ ಕೆಳಗೆ ಕೂತಿರುವ ಸುಮಾರು ಒಂದೂವರೆ ಕಿಲೋ ತೂಕದ ಅಂಗ. ಬೇರೆ ಅಂಗಗಳಿಗೆ ರಕ್ತ ಬರುವುದು ಹೃದಯದಿಂದ, ಶುದ್ಧವಾಗಿ. ಲಿವರ್‌ಗೆ ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಕರುಳಿನಿಂದ ಬರುತ್ತದೆ, ಪೋರ್ಟಲ್ ವೇನ್ ಅನ್ನುವ ದೊಡ್ಡ ರಕ್ತನಾಳದ ಮೂಲಕ. ಕರುಳು ಅಂದರೆ ಸಂತೆ. ತಿಂದ ಅನ್ನದ ಸಾರ ಅಲ್ಲಿಂದಲೇ ಹೊರಡುತ್ತದೆ. ಅಲ್ಲೇ ಬೀಡುಬಿಟ್ಟಿರುವ ಕೋಟಿ ಕೋಟಿ ಬ್ಯಾಕ್ಟೀರಿಯಾಗಳಲ್ಲಿ ಕೆಲವು, ಅವುಗಳ ವಿಷ, ಚೂರುಪಾರು ಕೂಡ ಅದೇ ಗಾಡಿ ಹತ್ತುತ್ತವೆ. ಆ ರಸ್ತೆ ಊರೊಳಗೆ ಬರುವ ಮೊದಲು ಒಂದು ಸುಂಕದ ಕಟ್ಟೆ ಇದೆ. ಅದೇ ಲಿವರ್.

ಕಟ್ಟೆಯಲ್ಲಿ ಕಾವಲುಗಾರರಿದ್ದಾರೆ. 1876ರಲ್ಲಿ ಕುಫರ್ ಅನ್ನುವ ಜರ್ಮನ್ ವಿಜ್ಞಾನಿ ಇವರನ್ನು ಗುರುತಿಸಿದ, ಇಂದಿಗೂ ಕುಫರ್ ಕಣಗಳು ಅಂತಲೇ ಹೆಸರು. ಅಂಗಾಂಗಗಳಲ್ಲಿ ಠಿಕಾಣಿ ಹೂಡಿ ಕ್ರಿಮಿಗಳನ್ನು ನುಂಗುವ ಕಣಗಳು ನಮ್ಮ ದೇಹದಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಶೇ. 80ಕ್ಕೂ ಹೆಚ್ಚು ಇರುವುದು ಲಿವರ್‌ನಲ್ಲೇ. ನೀವು ಊಟ ಮಾಡಿ ಮಲಗಿದ ಮೇಲೂ ಅವು ಒಂದೊಂದು ಗಾಡಿಯನ್ನೂ ತಡೆದು ತಪಾಸಣೆ ಮಾಡುತ್ತಿರುತ್ತವೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಬಿಡುತ್ತಾನಾ? ಇವೂ ಬಿಡುವುದಿಲ್ಲ.

ಈಗ ಸಿರೋಸಿಸ್. 1819ರಲ್ಲಿ ಈ ಹೆಸರಿಟ್ಟವರು ಫ್ರಾನ್ಸಿನ ಲಾನೆಕ್. ನಮ್ಮ ಕೊರಳಲ್ಲಿ ನೇತಾಡುವ ಸ್ಟೆತಸ್ಕೋಪ್ ಕಂಡುಹಿಡಿದವರೂ ಅವರೇ. ಗ್ರೀಕ್ ಭಾಷೆಯಲ್ಲಿ ಕಂದು ಹಳದಿ ಬಣ್ಣಕ್ಕೆ ಇರುವ ಮಾತದು. ಸತ್ತವರ ಲಿವರ್ ಆ ಬಣ್ಣದಲ್ಲಿ, ಗಂಟುಗಂಟಾಗಿ ಕಂಡಿತು, ಹಾಗೆ ಕರೆದರು. ನಿಮ್ಮ ಮೊಣಕಾಲಿಗೆ ಗಾಯವಾದರೆ ಕಲೆ ಉಳಿಯುತ್ತದೆ ಅಲ್ವಾ? ಲಿವರ್‌ಗೆ ವರ್ಷಾನುಗಟ್ಟಲೆ ಪೆಟ್ಟು ಬಿದ್ದರೆ ಒಳಗೆಲ್ಲ ಹಾಗೆಯೇ ಕಲೆ ಕಟ್ಟುತ್ತದೆ. ಮೆತ್ತಗಿದ್ದದ್ದು ಒಣಗಿದ ಹಾಗಲಕಾಯಿಯಂತೆ ಗಂಟಾಗುತ್ತದೆ, ಗಟ್ಟಿಯಾಗುತ್ತದೆ. ರಕ್ತ ಒಳಗೆ ಹೋಗಲು ದಾರಿ ಸಿಗುವುದಿಲ್ಲ. ಹಿಂದಕ್ಕೆ ಒತ್ತುತ್ತದೆ, ಅಡ್ಡದಾರಿ ಹುಡುಕುತ್ತದೆ. ಹೊಟ್ಟೆಯಲ್ಲಿ ನೀರು ತುಂಬುವುದು, ಅನ್ನನಾಳದಲ್ಲಿ ರಕ್ತನಾಳ ಉಬ್ಬಿ ರಕ್ತ ವಾಂತಿಯಾಗುವುದು, ಎಡಗಡೆ ಪಕ್ಕೆಲುಬಿನ ಕೆಳಗಿರುವ ಗುಲ್ಮ (ಸ್ಪ್ಲೀನ್) ದೊಡ್ಡದಾಗುವುದು, ಎಲ್ಲ ಈ ಟ್ರಾಫಿಕ್ ಜಾಮಿನ ಫಲ.

ಇನ್ನು ಸೋಂಕಿಗೂ ಇದಕ್ಕೂ ಏನು ನಂಟು? ನಂಟು ಎರಡು ಕಡೆಯಿಂದಲೂ ಇದೆ. ಕೆಲವು ಸೋಂಕುಗಳು ಸಿರೋಸಿಸ್ ತರುತ್ತವೆ. ಸಿರೋಸಿಸ್ ಬಂದ ಮೇಲೆ ಅದು ಬೇರೆ ಸೋಂಕುಗಳನ್ನು ಕರೆತರುತ್ತದೆ. ಜನರಿಗೆ ಮೊದಲನೆಯದು ಅಷ್ಟಿಷ್ಟು ಗೊತ್ತು. ಸಾಯಿಸುವುದು ಹೆಚ್ಚಾಗಿ ಎರಡನೆಯದು.

ಸಿರೋಸಿಸ್ ಅಂದ ತಕ್ಷಣ ನಮ್ಮ ಕಡೆ ಜನ "ಓ, ಕುಡೀತಿದ್ರಾ?" ಅನ್ನುತ್ತಾರೆ. ಕುಡಿತ ದೊಡ್ಡ ಕಾರಣ, ಹೌದು. ಸಕ್ಕರೆ ಕಾಯಿಲೆ, ಬೊಜ್ಜಿನಿಂದ ಬರುವ ಫ್ಯಾಟಿ ಲಿವರ್ ಕೂಡ ಈಗ ಜಾಸ್ತಿಯಾಗಿದೆ. ಆದರೆ ಒಂದು ಹನಿ ಮುಟ್ಟದವರೂ ಈ ಕಾಯಿಲೆಯಿಂದ ಸಾಯುತ್ತಾರೆ. ಸತ್ತ ಮೇಲೂ ಅವರ ಹೆಸರಿಗೆ ಕುಡುಕ ಅನ್ನುವ ಕಳಂಕ ಅಂಟಿರುತ್ತದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಇಲ್ಲಿ ಕಾಮಾಲೆ ಇರುವುದು ನೋಡುವವರ ಕಣ್ಣಿಗೆ.

ಕಾಮಾಲೆ ಬಂದವರಿಗೆಲ್ಲ ಸಿರೋಸಿಸ್ ಆಗುತ್ತದಾ? ಇಲ್ಲ. ಇಲಿಜ್ವರ, ಟೈಫಾಯಿಡ್, ಡೆಂಗಿ, ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಅನ್ನುವ ಲಿವರ್ ವೈರಸ್‌ಗಳು, ಇವೆಲ್ಲ ಲಿವರ್‌ಗೆ ಪೆಟ್ಟು ಕೊಡುತ್ತವೆ. ಕೆಲವೊಮ್ಮೆ ಜೀವವನ್ನೂ ತೆಗೆಯುತ್ತವೆ. ಆದರೆ ಗುಣವಾದರೆ ಸಾಮಾನ್ಯವಾಗಿ ಕಲೆ ಬಿಡುವುದಿಲ್ಲ. ಬಂದು, ಜಗಳ ಮಾಡಿ, ಹೋಗುವ ನೆಂಟರು ಇವು. ಹೆಪಟೈಟಿಸ್ ಬಿ ಮತ್ತು ಸಿ ಹಾಗಲ್ಲ. ಬಂದು ಮನೆಯಲ್ಲೇ ಉಳಿದುಬಿಡುತ್ತವೆ. ಇಪ್ಪತ್ತು ಮೂವತ್ತು ವರ್ಷ ಗಲಾಟೆ ಇಲ್ಲ, ಸದ್ದಿಲ್ಲ. ಒಳಗೆ ಗೋಡೆ ಕೊರೆಯುತ್ತಿರುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಭಾರತದಲ್ಲಿ ಹೆಪಟೈಟಿಸ್ ಬಿ ಇರುವವರು ಸುಮಾರು 2.98 ಕೋಟಿ, ಸಿ ಇರುವವರು ಸುಮಾರು 55 ಲಕ್ಷ. ಇವರಲ್ಲಿ ಬಹಳ ಮಂದಿಗೆ ಅದು ಗೊತ್ತೇ ಇಲ್ಲ.

ಹೆಪಟೈಟಿಸ್ ಬಿ ಹೆಚ್ಚಾಗಿ ತಾಯಿಯಿಂದ ಮಗುವಿಗೆ ಹೆರಿಗೆಯ ಹೊತ್ತಲ್ಲಿ ದಾಟುತ್ತದೆ. ವಯಸ್ಸು ಇಲ್ಲಿ ಬಹಳ ಮುಖ್ಯ. ದೊಡ್ಡವರಿಗೆ ಈ ವೈರಸ್ ತಗುಲಿದರೆ ನೂರಕ್ಕೆ 95 ಜನರ ದೇಹ ಅದನ್ನು ಓಡಿಸುತ್ತದೆ. ಹುಟ್ಟುವಾಗಲೇ ತಗುಲಿದರೆ ನೂರಕ್ಕೆ 90 ಮಕ್ಕಳಲ್ಲಿ ಅದು ಖಾಯಂ ಆಗುತ್ತದೆ. ಅದಕ್ಕೇ ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಒಂದು ಚುಚ್ಚುಮದ್ದು ಹಾಕುತ್ತಾರೆ. ನಮ್ಮ ದೇಶದಲ್ಲಿ ಈ ಲಸಿಕೆ ಎಲ್ಲ ರಾಜ್ಯಗಳಿಗೂ ಬಂದದ್ದು 2011ರ ಹೊತ್ತಿಗೆ. ಅದಕ್ಕಿಂತ ಮೊದಲು ಹುಟ್ಟಿದ ನಾವು ನೀವೆಲ್ಲ? ಹೆಚ್ಚಿನವರಿಗೆ ಆ ಚುಚ್ಚುಮದ್ದು ಬಿದ್ದಿಲ್ಲ.

ಹೆಪಟೈಟಿಸ್ ಸಿ ಬಗ್ಗೆ ಹೇಳುವಾಗ ಈಜಿಪ್ಟಿನ ಕಥೆ ಹೇಳದೆ ಇರಲಾರೆ. ನೈಲ್ ನದಿಯ ಕಾಲುವೆಗಳಲ್ಲಿ ಬಿಲ್‌ಹಾರ್ಜಿಯಾ ಅನ್ನುವ ಹುಳದ ಕಾಯಿಲೆ ಇತ್ತು. ಹೊಲದ ಕೆಲಸಕ್ಕೆ ನೀರಿಗಿಳಿದ ರೈತರ ಚರ್ಮ ತೂರಿ ಹುಳ ಒಳಗೆ ಹೋಗುತ್ತಿತ್ತು. ಆ ಹುಳವೂ ಲಿವರ್ ಕೆಡಿಸುತ್ತದೆ. 1950ರ ದಶಕದಿಂದ 80ರ ದಶಕದ ಶುರುವಿನವರೆಗೆ ಅಲ್ಲಿನ ಸರ್ಕಾರ ಹಳ್ಳಿ ಹಳ್ಳಿಗೆ ಹೋಗಿ ಚುಚ್ಚುಮದ್ದು ಕೊಟ್ಟಿತು. ಒಳ್ಳೆಯ ಉದ್ದೇಶವೇ. ಒಬ್ಬೊಬ್ಬರಿಗೂ ಹಲವು ಚುಚ್ಚುಮದ್ದು ಬೇಕಿತ್ತು. ಆದರೆ ಗಾಜಿನ ಸಿರಿಂಜು, ಸೂಜಿಗಳನ್ನು ಸರಿಯಾಗಿ ಕುದಿಸದೆ ಒಬ್ಬರಿಂದ ಒಬ್ಬರಿಗೆ ಬಳಸಿದರು. ಹುಳದ ಕಾಯಿಲೆಗೆ ಮದ್ದು ಕೊಡಲು ಹೋಗಿ, ಆಗ ಯಾರಿಗೂ ಹೆಸರೇ ಗೊತ್ತಿಲ್ಲದ ವೈರಸ್ಸನ್ನು ಹಂಚಿಬಿಟ್ಟರು. ಆ ವೈರಸ್ ಪತ್ತೆಯಾದದ್ದೇ 1989ರಲ್ಲಿ. ಪತ್ತೆಗೆ ಕಾರಣರಾದ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಮೂವರಿಗೂ 2020ರಲ್ಲಿ ನೊಬೆಲ್ ಬಂತು. 2008ರಲ್ಲಿ ಈಜಿಪ್ಟಿನಲ್ಲಿ ಪರೀಕ್ಷೆ ಮಾಡಿದಾಗ ನೂರಕ್ಕೆ ಸುಮಾರು 15 ಜನರಲ್ಲಿ ಈ ವೈರಸ್ ಬಂದುಹೋದ ಅಥವಾ ಇರುವ ಗುರುತು ಸಿಕ್ಕಿತು. ಹಳ್ಳಿಗಳ ತುಂಬ ಸಿರೋಸಿಸ್.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. 2013ರಲ್ಲಿ ಸೊಫೋಸ್ಬುವಿರ್ ಅನ್ನುವ ಮಾತ್ರೆ ಬಂತು. ಅಮೆರಿಕದಲ್ಲಿ ಒಂದು ಮಾತ್ರೆಗೆ ಸಾವಿರ ಡಾಲರ್, ಮೂರು ತಿಂಗಳ ಕೋರ್ಸಿಗೆ 84 ಸಾವಿರ ಡಾಲರ್. ಈಜಿಪ್ಟ್ ಸರ್ಕಾರ ಚೌಕಾಸಿ ಮಾಡಿ ಅದನ್ನು 900 ಡಾಲರಿಗೆ ಇಳಿಸಿತು. ಆಮೇಲೆ ತಮ್ಮಲ್ಲೇ ಅಗ್ಗವಾಗಿ ತಯಾರಿಸಿದರು. 2018ರ ಅಕ್ಟೋಬರಿನಿಂದ ಏಳು ತಿಂಗಳಲ್ಲಿ ಸುಮಾರು 5 ಕೋಟಿ ಜನರ ರಕ್ತ ಪರೀಕ್ಷೆ ಮಾಡಿ, ಸಿಕ್ಕವರಿಗೆ ಪುಕ್ಕಟೆ ಮಾತ್ರೆ ಕೊಟ್ಟರು. ಸೂಜಿಯಿಂದ ಆದ ಅನಾಹುತವನ್ನು ಅದೇ ಸರ್ಕಾರ ಮಾತ್ರೆಯಿಂದ ತೊಳೆದುಕೊಂಡಿತು ಅನ್ನಬಹುದು. ಸಾರ್ವಜನಿಕ ಆರೋಗ್ಯದಲ್ಲಿ ಇಷ್ಟು ದೊಡ್ಡ ಪ್ರಾಯಶ್ಚಿತ್ತ ಇನ್ನೊಂದು ನನಗೆ ನೆನಪಾಗುವುದಿಲ್ಲ.

ನಮ್ಮಲ್ಲೂ ಅದೇ ಮಾತ್ರೆ ಇದೆ. ಇನ್ನೊಂದು ಮಾತ್ರೆಯ ಜೊತೆ ಸೇರಿಸಿ 12 ವಾರ ನುಂಗಿದರೆ ನೂರಕ್ಕೆ ಸುಮಾರು 95 ಜನರಿಗೆ ವೈರಸ್ ಪೂರ್ತಿ ಹೋಗುತ್ತದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಹೆಪಟೈಟಿಸ್ ಬಿಗೆ ಹಾಗೆ ಬೇರುಸಹಿತ ಕೀಳುವ ಮದ್ದು ಇನ್ನೂ ಇಲ್ಲ. ಆದರೆ ದಿನಕ್ಕೊಂದು ಮಾತ್ರೆ ವೈರಸ್ಸನ್ನು ಮಲಗಿಸಿಡುತ್ತದೆ. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಲಿವರ್‌ನ ಕಲೆ ಕರಗಿದ್ದನ್ನೂ ನೋಡಿದ್ದೇವೆ. ಅಪಾಯ ಇರುವುದು ಎಲ್ಲಿ ಅಂದರೆ, ಆರಾಮಾಗಿದ್ದೀನಲ್ಲ ಅಂತ ರೋಗಿ ತಾನೇ ಮಾತ್ರೆ ನಿಲ್ಲಿಸುವುದು. ಮಲಗಿದ್ದ ವೈರಸ್ ಮೈ ಕೊಡವಿ ಎದ್ದರೆ ಕೆಲವೇ ವಾರಗಳಲ್ಲಿ ಲಿವರ್ ಕುಸಿಯಬಹುದು.

ಈಗ ಎರಡನೇ ದಾರಿಗೆ ಬರುತ್ತೇನೆ. ಆ ರಾತ್ರಿ ಆಟೋದಲ್ಲಿ ಬಂದವರ ದಾರಿ.

ಕಾರಣ ಯಾವುದೇ ಇರಲಿ, ಕುಡಿತವೋ, ವೈರಸ್ಸೋ, ಕೊಬ್ಬೋ, ಸಿರೋಸಿಸ್ ಆದ ಮೇಲೆ ಸುಂಕದ ಕಟ್ಟೆ ಕುಸಿದ ಹಾಗೆ. ಕರುಳಿನ ರಕ್ತ ಕಟ್ಟೆ ತಪ್ಪಿಸಿ ಅಡ್ಡದಾರಿಯಲ್ಲಿ ಸೀದಾ ಊರೊಳಗೆ ನುಗ್ಗುತ್ತದೆ. ಕಾವಲುಗಾರರು ಸುಸ್ತಾಗಿದ್ದಾರೆ. ಅದರ ಮೇಲೆ ಕರುಳಿನ ಗೋಡೆಯೇ ಸೋರಲು ಶುರುವಾಗುತ್ತದೆ, ಬ್ಯಾಕ್ಟೀರಿಯಾ ನುಸುಳುತ್ತವೆ. ಇನ್ನೊಂದು ಸಂಗತಿ ಇದೆ. ಕ್ರಿಮಿಗಳ ಮೈಗೆ ಅಂಟಿಕೊಂಡು "ಇಗೋ ಇಲ್ಲಿದೆ, ನುಂಗು" ಅಂತ ಬಿಳಿಕಣಗಳಿಗೆ ತೋರಿಸಿಕೊಡುವ ಪ್ರೋಟೀನುಗಳು ರಕ್ತದಲ್ಲಿವೆ. ಅವನ್ನು ತಯಾರಿಸುವುದೂ ಹೆಚ್ಚಾಗಿ ಲಿವರ್‌ನ ಕೆಲಸವೇ. ಕಾರ್ಖಾನೆಯೇ ಮುಚ್ಚಿದರೆ ಪೊಲೀಸರು ಇದ್ದೂ ಕಳ್ಳನ ಗುರುತು ಸಿಗುವುದಿಲ್ಲ.

ಆಸ್ಪತ್ರೆಗೆ ಸೇರುವ ಸಿರೋಸಿಸ್ ರೋಗಿಗಳಲ್ಲಿ ಮೂವರಲ್ಲಿ ಒಬ್ಬರಿಗೆ ಬ್ಯಾಕ್ಟೀರಿಯಾ ಸೋಂಕು ಇರುತ್ತದೆ, ಇಲ್ಲವೇ ಅಲ್ಲಿದ್ದಾಗ ತಗುಲುತ್ತದೆ. ಮೂತ್ರದ ಸೋಂಕು, ನ್ಯುಮೋನಿಯಾ, ಊದಿದ ಕಾಲಿನ ಚರ್ಮದ ಸೋಂಕು. ಇವೆಲ್ಲಕ್ಕಿಂತ ನಾವು ಹೆದರುವುದು ಹೊಟ್ಟೆಯ ನೀರಿನ ಸೋಂಕಿಗೆ. ಕರುಳಿಗೆ ತೂತಾಗಿರುವುದಿಲ್ಲ, ಯಾರೂ ಚುಚ್ಚಿರುವುದಿಲ್ಲ, ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ತಾವಾಗಿಯೇ ಬೆಳೆದಿರುತ್ತವೆ. 1964ರಲ್ಲಿ ಹೆರಾಲ್ಡ್ ಕಾನ್ ಅನ್ನುವ ಅಮೆರಿಕದ ವೈದ್ಯರು ಇದಕ್ಕೆ "ತಾನಾಗಿ ಬರುವ" ಅನ್ನುವ ಅರ್ಥದ ಹೆಸರಿಟ್ಟರು. ವಾರ್ಡಿನಲ್ಲಿ ನಾವು ಚುಟುಕಾಗಿ ಎಸ್‌ಬಿಪಿ (ಸ್ಪಾಂಟೇನಿಯಸ್ ಬ್ಯಾಕ್ಟೀರಿಯಲ್ ಪೆರಿಟೊನೈಟಿಸ್) ಅಂತೇವೆ.

ಲೆಕ್ಕ ನೋಡಿ. 2010ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಕಂಡದ್ದು ಹೀಗಿದೆ. ಸಿರೋಸಿಸ್ ಇದ್ದು ಸೋಂಕು ತಗುಲಿದವರಲ್ಲಿ ನೂರಕ್ಕೆ ಸುಮಾರು 30 ಜನ ಒಂದು ತಿಂಗಳೊಳಗೆ ತೀರಿಕೊಳ್ಳುತ್ತಾರೆ, ಇನ್ನೂ 30 ಜನ ವರ್ಷದೊಳಗೆ. ಸೋಂಕು ಇಲ್ಲದವರಿಗೆ ಹೋಲಿಸಿದರೆ ಸಾವಿನ ಸಂಭವ ನಾಲ್ಕು ಪಟ್ಟು. ಹತ್ತು ವರ್ಷ ಸಿರೋಸಿಸ್ ಇಟ್ಟುಕೊಂಡು ಅಂಗಡಿ ನಡೆಸಿದವರು ಹತ್ತು ದಿನದಲ್ಲಿ ಹೋಗಿಬಿಡುವುದು ಹೀಗೆ.

ಇಷ್ಟು ದೊಡ್ಡ ಶತ್ರು ಬಂದಾಗ ಡಂಗುರ ಬಾರಿಸಬೇಡವೇ? ಬಾರಿಸುವುದಿಲ್ಲ. ಜ್ವರ ಬರದೆ ಇರಬಹುದು, ಮೈ ತಣ್ಣಗೂ ಇರಬಹುದು. ಬಿಳಿಕಣಗಳು ಏರಬೇಕು ಅನ್ನುತ್ತೇವೆ. ಇವರ ಗುಲ್ಮ ದೊಡ್ಡದಾಗಿ ಕಣಗಳನ್ನು ಮೊದಲೇ ಹಿಡಿದಿಟ್ಟುಕೊಂಡಿರುತ್ತದೆ. ಎರಡೂವರೆ ಸಾವಿರ ಇದ್ದದ್ದು ಐದು ಸಾವಿರ ಆಗಿದ್ದರೆ ಅದು ಇಮ್ಮಡಿ, ಆದರೆ ಲ್ಯಾಬ್ ಕಾಗದ ಅದನ್ನು ನಾರ್ಮಲ್ ಅನ್ನುತ್ತದೆ. ನಾನು ಮೋಸ ಹೋದದ್ದು ಇಲ್ಲೇ. ಬಿಪಿ ಇವರಿಗೆ ಯಾವಾಗಲೂ ಕಡಿಮೆಯೇ. ಹೊಟ್ಟೆಯೊಳಗೆ ಲೀಟರುಗಟ್ಟಲೆ ನೀರಿರುವುದರಿಂದ ಉರಿಯೂತ ಆದ ಪದರಗಳು ಒಂದಕ್ಕೊಂದು ತಾಗುವುದಿಲ್ಲ. ಹಾಗಾಗಿ ನೋವೂ ಕಾಣದೆ ಇರಬಹುದು.

ಹಾಗಾದರೆ ಏನು ಕಾಣುತ್ತದೆ? ಮಾತು ತಡವರಿಸುವುದು. ಹಗಲು ನಿದ್ದೆ, ರಾತ್ರಿ ಎಚ್ಚರ. ಅಂಗಿ ಗುಂಡಿ ತಪ್ಪಾಗಿ ಹಾಕಿಕೊಳ್ಳುವುದು. ಕೈ ಮುಂದೆ ಚಾಚಿದರೆ ಹಕ್ಕಿ ರೆಕ್ಕೆ ಬಡಿದ ಹಾಗೆ ಅಲುಗುವುದು. ಮೂತ್ರ ಕಡಿಮೆಯಾಗುವುದು. ಔಷಧಿ ಸರಿಯಾಗಿ ತೆಗೆದುಕೊಂಡರೂ ಹೊಟ್ಟೆ ನೀರು ದಿಢೀರನೆ ಜಾಸ್ತಿಯಾಗುವುದು. ಊಟ ಸೇರದಿರುವುದು. ಕಾಮಾಲೆ ಏರುವುದು. ಇವನ್ನು ಮೊದಲು ನೋಡುವುದು ಡಾಕ್ಟರಲ್ಲ, ಮನೆಯವರು. ಅದಕ್ಕೇ ಈ ಮಾತನ್ನು ಆಸ್ಪತ್ರೆಯಲ್ಲಿ ಹೇಳದೆ ಇಲ್ಲಿ ಬಂದು ಹೇಳುತ್ತಿದ್ದೇನೆ. ಸಿರೋಸಿಸ್ ಇರುವವರು "ತಮ್ಮ ಹಾಗೆ ಇಲ್ಲ" ಅನ್ನಿಸಿದರೆ, ಸೋಂಕಿಲ್ಲ ಅಂತ ಸಾಬೀತಾಗುವವರೆಗೆ ಅದು ಸೋಂಕೇ ಅಂದುಕೊಳ್ಳಿ. ಜ್ವರ ಬರಲಿ ಅಂತ ಕಾಯಬೇಡಿ.

ಪರೀಕ್ಷೆ ಸುಲಭ. ಹೊಟ್ಟೆಯ ಒಂದು ಬದಿಗೆ ಸಣ್ಣ ಸೂಜಿ ಹಾಕಿ ಒಂದಿಷ್ಟು ನೀರು ತೆಗೆಯುವುದು. ಹತ್ತು ನಿಮಿಷದ ಕೆಲಸ. ಒಂದು ಘನ ಮಿಲಿಮೀಟರಿನಲ್ಲಿ ನ್ಯೂಟ್ರೋಫಿಲ್ ಅನ್ನುವ ಬಿಳಿಕಣ 250 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಶುರು. ಯಾವ ಬ್ಯಾಕ್ಟೀರಿಯಾ ಅಂತ ತಿಳಿಯುವವರೆಗೆ ಕಾಯುವುದಿಲ್ಲ. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಎಷ್ಟೋ ಸಲ ಏನೂ ಬೆಳೆಯುವುದೇ ಇಲ್ಲ. ಪ್ಲೇಟ್‌ಲೆಟ್ ಕಡಿಮೆ ಇದೆ, ಚುಚ್ಚಿದರೆ ರಕ್ತ ನಿಲ್ಲುತ್ತದಾ ಅನ್ನುವ ಹೆದರಿಕೆ ಮನೆಯವರಿಗೂ ಇರುತ್ತದೆ, ಕೆಲವು ಡಾಕ್ಟರುಗಳಿಗೂ ಇರುತ್ತದೆ. ಈ ಸಣ್ಣ ಸೂಜಿಯಿಂದ ದೊಡ್ಡ ರಕ್ತಸ್ರಾವ ಬಹಳ ಅಪರೂಪ. ಆಸ್ಪತ್ರೆಗೆ ಬಂದ 12 ಗಂಟೆಯೊಳಗೆ ನೀರು ತೆಗೆದವರಿಗಿಂತ, ತಡವಾಗಿ ತೆಗೆದವರಲ್ಲಿ ಸಾವು ಎರಡೂವರೆ ಪಟ್ಟಿಗೂ ಹೆಚ್ಚು ಅಂತ 2014ರ ಒಂದು ಅಮೆರಿಕನ್ ಅಧ್ಯಯನ ತೋರಿಸಿತು. ಅದನ್ನು ಓದಿದ ದಿನ ನನಗೆ ಆ ಆಟೋ ನೆನಪಾಯಿತು.

ಆಂಟಿಬಯೋಟಿಕ್ ಒಂದೇ ಸಾಲದು ಅನ್ನುವುದನ್ನು ಕಲಿಸಿದವರು ಸ್ಪೇನಿನ ವೈದ್ಯರು. 1999ರಲ್ಲಿ ಅವರು 126 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬರೀ ಆಂಟಿಬಯೋಟಿಕ್, ಇನ್ನೊಂದಕ್ಕೆ ಅದರ ಜೊತೆ ಆಲ್ಬುಮಿನ್, ಅಂದರೆ ರಕ್ತದಲ್ಲಿರುವ ಒಂದು ಪ್ರೋಟೀನನ್ನು ಡ್ರಿಪ್ಪಿನಲ್ಲಿ ಕೊಡುವುದು. ಮೊದಲ ಗುಂಪಿನಲ್ಲಿ ನೂರಕ್ಕೆ 33 ಜನರಿಗೆ ಕಿಡ್ನಿ ತೊಂದರೆಯಾಯಿತು, ಎರಡನೆಯದರಲ್ಲಿ 10. ಆಸ್ಪತ್ರೆಯಲ್ಲೇ ತೀರಿಕೊಂಡವರು ಅಲ್ಲಿ ನೂರಕ್ಕೆ 29, ಇಲ್ಲಿ 10. ಆ ಹಳದಿ ಬಾಟಲಿಗೆ ಸಾವಿರಾರು ರೂಪಾಯಿ. "ಇಷ್ಟು ದುಡ್ಡು ಯಾಕೆ, ಗ್ಲೂಕೋಸ್ ಹಾಕಿದರೆ ಸಾಲದಾ?" ಅಂತ ಜನ ಕೇಳಿದಾಗ ನಾನು ಈ ಲೆಕ್ಕ ಹೇಳುತ್ತೇನೆ. ಹೇಳಿದ ಮೇಲೂ ಅವರ ಹತ್ತಿರ ದುಡ್ಡು ಇರುವುದಿಲ್ಲ, ಅದು ಬೇರೆ ಮಾತು.

ರಕ್ತ ವಾಂತಿಯಾಗಿ ಬಂದವರಿಗೂ, ಸೋಂಕಿನ ಗುರುತು ಇಲ್ಲದಿದ್ದರೂ, ನಾವು ಮೊದಲ ದಿನವೇ ಆಂಟಿಬಯೋಟಿಕ್ ಕೊಡುತ್ತೇವೆ. ಸೋಂಕಾದರೆ ರಕ್ತಸ್ರಾವ ಮತ್ತೆ ಶುರುವಾಗಬಹುದು, ಅದಕ್ಕೆ.

ಆದರೆ ಆಂಟಿಬಯೋಟಿಕ್ಕೇ ಕೆಲಸ ಮಾಡದಿದ್ದರೆ? ಇದು ನಮ್ಮ ದೇಶದ ನೋವು. 2019ರಲ್ಲಿ ಏಷ್ಯಾ, ಯುರೋಪ್, ಅಮೆರಿಕ ಖಂಡಗಳ ಹಲವು ಆಸ್ಪತ್ರೆಗಳ ಒಂದು ಅಧ್ಯಯನ ಬಂತು. ಸಿರೋಸಿಸ್ ರೋಗಿಗಳ ಸೋಂಕುಗಳಲ್ಲಿ ಮೂರನೇ ಒಂದು ಭಾಗ ಹಲವು ಔಷಧಿಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ಬಂದಿದ್ದವು. ಏಷ್ಯಾದಲ್ಲಿ ಹೆಚ್ಚು, ಭಾರತದಲ್ಲಂತೂ ಇನ್ನೂ ಹೆಚ್ಚು. ಮೆಡಿಕಲ್ ಶಾಪಿಗೆ ಹೋಗಿ "ಶೀತಕ್ಕೆ ಒಂದು ಸ್ಟ್ರಾಂಗ್ ಮಾತ್ರೆ ಕೊಡಿ" ಅಂತ ನಾವು ಸುಮ್ನೆ ನುಂಗಿದ್ದೆಲ್ಲ ಎಲ್ಲೋ ಒಬ್ಬ ಲಿವರ್ ರೋಗಿಯ ಹಾಸಿಗೆಯ ಹತ್ತಿರ ಬಂದು ನಿಲ್ಲುತ್ತದೆ.

ನಮ್ಮ ಕರಾವಳಿಗೆ ಸಂಬಂಧಪಟ್ಟ ಎರಡು ಮಾತು. ಉಡುಪಿ, ಮಣಿಪಾಲದ ಕಡೆ ಮಳೆಗಾಲದಲ್ಲಿ ಮೆಲಿಯಾಯ್ಡೋಸಿಸ್ ಅನ್ನುವ ಕಾಯಿಲೆ ಕಾಣುತ್ತದೆ. ಗದ್ದೆಯ ಮಣ್ಣು ಮತ್ತು ಕೆಸರು ನೀರಿನಲ್ಲಿರುವ ಬ್ಯಾಕ್ಟೀರಿಯಾ ಅದಕ್ಕೆ ಕಾರಣ. ಸಕ್ಕರೆ ಕಾಯಿಲೆಯವರು, ವಿಪರೀತ ಕುಡಿಯುವವರು, ಲಿವರ್ ಕೆಟ್ಟವರು ಇದಕ್ಕೆ ಬೇಗ ಸಿಗುತ್ತಾರೆ. ಕಾಲಲ್ಲಿ ಗಾಯ ಇಟ್ಟುಕೊಂಡು ನಾಟಿಗೆ ಇಳಿಯಬೇಡಿ, ಇಳಿಯಲೇಬೇಕಾದರೆ ಗಂಬೂಟು ಹಾಕಿ. ಇನ್ನೊಂದು, ಬೆಚ್ಚಗಿನ ಸಮುದ್ರ ನೀರಿನಲ್ಲಿ ವಿಬ್ರಿಯೊ ವಲ್ನಿಫಿಕಸ್ ಅನ್ನುವ ಬ್ಯಾಕ್ಟೀರಿಯಾ ಇದೆ. ಹಸಿ ಚಿಪ್ಪುಮೀನು ತಿಂದ ಸಿರೋಸಿಸ್ ರೋಗಿಗೆ ಅದು ರಕ್ತಕ್ಕೆ ಸೇರಿದರೆ ಅರ್ಧದಷ್ಟು ಜನ ಉಳಿಯುವುದಿಲ್ಲ. ಪುಣ್ಯಕ್ಕೆ ನಮ್ಮಲ್ಲಿ ಮರುವಾಯಿ ಚಿಪ್ಪುಮೀನನ್ನು ತೆಂಗಿನಕಾಯಿ ಮಸಾಲೆ ಹಾಕಿ ಚೆನ್ನಾಗಿ ಬೇಯಿಸುತ್ತಾರೆ. ಗೋವಾ, ವಿದೇಶ ಅಂತ ಹೋಗಿ ನಿಂಬೆರಸ ಹಿಂಡಿ ಹಸಿ ಆಯ್ಸ್ಟರ್ ತಿನ್ನುವ ಶೋಕಿ ಲಿವರ್ ಸರಿಯಿಲ್ಲದವರಿಗೆ ಬೇಡ.

ಕುಡಿಯುವ ನೀರು ಕುದಿಸಿ. ಈ ಮಾತು ಕೇಳಿ ಕೇಳಿ ಬೇಜಾರಾಗಿರಬಹುದು. 1955ರ ಕೊನೆಯಲ್ಲಿ ದೆಹಲಿಯ ನಲ್ಲಿ ನೀರಿಗೆ ಚರಂಡಿ ನೀರು ಸೇರಿ ಸುಮಾರು 29 ಸಾವಿರ ಜನರಿಗೆ ಕಾಮಾಲೆ ಬಂತು. ಅದು ಹೆಪಟೈಟಿಸ್ ಇ ಅಂತ ತಿಳಿದದ್ದು ಎಷ್ಟೋ ವರ್ಷ ಬಿಟ್ಟು. ಗಟ್ಟಿಮುಟ್ಟಾದವರಿಗೆ ನಾಲ್ಕು ವಾರದ ಕಾಮಾಲೆ ಅದು. ಮೊದಲೇ ಸಿರೋಸಿಸ್ ಇರುವವರಿಗೆ ಅದೇ ಕೊನೆಯ ಪೆಟ್ಟಾಗಬಹುದು.

ಕಾಮಾಲೆಗೆ ಬರೆ ಹಾಕಿಸುವವರು ಇಂದಿಗೂ ಇದ್ದಾರೆ. ಕಾದ ಕಬ್ಬಿಣದ ಗುರುತು ಕೈಮೇಲೆ ಇಟ್ಟುಕೊಂಡು ಬರುತ್ತಾರೆ. ಸೋಂಕು ತಡೆಯಲಾರದ ಮೈಗೆ ನಾವೇ ಒಂದು ಬಾಗಿಲು ಕೊರೆದುಕೊಟ್ಟ ಹಾಗೆ ಅದು. ಇದರಲ್ಲಿ ನನಗೆ ಎರಡು ಮಾತಿಲ್ಲ, ದಯವಿಟ್ಟು ಬೇಡ.

ಇಷ್ಟು ನನ್ನ ಮಾತು. ಆಮೇಲೆ ಪ್ರಶ್ನೆಗಳು ಬಂದವು.

ಹಿರಿಯರೊಬ್ಬರು ಕೇಳಿದರು: "ನೆಲನೆಲ್ಲಿ ಕುಡಿದರೆ ಲಿವರ್ ಸರಿಹೋಗುತ್ತದೆ ಅಂತ ನಮ್ಮ ಅಜ್ಜಿ ಹೇಳ್ತಿದ್ದರು. ಸುಳ್ಳಾ?"

ಅಜ್ಜಿಯ ಮಾತನ್ನು ದೊಡ್ಡವರೇ ಪರೀಕ್ಷೆಗೆ ತೆಗೆದುಕೊಂಡಿದ್ದರು ಅಂದೆ. ಹೆಪಟೈಟಿಸ್ ಬಿ ವೈರಸ್ ಪತ್ತೆ ಮಾಡಿ 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲೂಂಬರ್ಗ್ ಅವರೇ ಮದ್ರಾಸಿನ ಸಂಶೋಧಕರ ಜೊತೆ ಸೇರಿ ನೆಲನೆಲ್ಲಿಯನ್ನು ಪರೀಕ್ಷಿಸಿದರು. 1988ರಲ್ಲಿ ಬಂದ ಅವರ ಫಲಿತಾಂಶ ಆಸೆ ಹುಟ್ಟಿಸುವಂತಿತ್ತು. ಅರ್ಧಕ್ಕೂ ಹೆಚ್ಚು ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಆದರೆ ಬೇರೆಯವರು ಮತ್ತೆ ಮತ್ತೆ ಮಾಡಿ ನೋಡಿದಾಗ ಹಾಗೆ ಆಗಲಿಲ್ಲ. ಈಗ ಅದನ್ನು ನಂಬಿ ಮಾತ್ರೆ ಬಿಡಲು ನಾನು ಹೇಳಲಾರೆ. ಬ್ಲೂಂಬರ್ಗ್ ಹುಟ್ಟಿದ ಜುಲೈ 28ನ್ನೇ ಈಗ ವಿಶ್ವ ಹೆಪಟೈಟಿಸ್ ದಿನ ಅಂತ ಮಾಡುತ್ತಾರೆ.

"ಪಥ್ಯ ಏನು? ನಾವು ಅಪ್ಪನಿಗೆ ಬರೀ ಗಂಜಿ ಕೊಡ್ತಾ ಇದ್ದೇವೆ."

ಬರೀ ಗಂಜಿ ಬೇಡ. ಮೈಯಲ್ಲಿ ಮಾಂಸಖಂಡ ಕರಗಿದಷ್ಟೂ ಸೋಂಕು ಜಾಸ್ತಿ. ಬೇಳೆ, ಮೊಸರು, ಮೊಟ್ಟೆ, ಬೇಯಿಸಿದ ಮೀನು ಕೊಡಿ. ರಾತ್ರಿ ಮಲಗುವ ಮೊದಲೂ ಏನಾದರೂ ತಿನ್ನಲಿ, ಹೊಟ್ಟೆ ಖಾಲಿ ಬಿಟ್ಟರೆ ದೇಹ ತನ್ನ ಮಾಂಸವನ್ನೇ ಕರಗಿಸುತ್ತದೆ. ಹೊಟ್ಟೆಯಲ್ಲಿ ನೀರಿದ್ದರೆ ಉಪ್ಪು ಕಡಿಮೆ ಮಾಡಿ. ಉಪ್ಪಿನಕಾಯಿ, ಹಪ್ಪಳ, ಒಣಮೀನು ದೂರ ಇಡಿ. ಮೈಕೈ ನೋವಿಗೆ ಅಂಗಡಿಯ ನೋವಿನ ಮಾತ್ರೆ ಬೇಡ, ಕಿಡ್ನಿ ಹೋಗುತ್ತದೆ. ಅಗತ್ಯ ಬಿದ್ದರೆ ಪ್ಯಾರಾಸಿಟಮಾಲ್, ದಿನಕ್ಕೆ ಒಟ್ಟು 2 ಗ್ರಾಂ ದಾಟದಂತೆ, ಡಾಕ್ಟರನ್ನು ಕೇಳಿ. ಎದೆಯುರಿಗೆ ಅಂತ ವರ್ಷಗಟ್ಟಲೆ ನುಂಗುವ ಗ್ಯಾಸ್ ಮಾತ್ರೆಯೂ ನಿಜವಾಗಿ ಬೇಕಾ ಅಂತ ಕೇಳಿ, ಹೊಟ್ಟೆಯ ಆಮ್ಲ ಕೂಡ ಒಂದು ಕಾವಲೇ. ಜೊತೆಗೆ ಫ್ಲೂ, ನ್ಯುಮೋನಿಯಾ, ಹೆಪಟೈಟಿಸ್ ಎ ಮತ್ತು ಬಿ ಲಸಿಕೆಗಳ ಬಗ್ಗೆ ವಿಚಾರಿಸಿ.

"ಹೊಟ್ಟೆ ನೀರು ತೆಗೆದರೆ ಶಕ್ತಿಯೆಲ್ಲ ಹೋಗುತ್ತಂತೆ?"

ಪರೀಕ್ಷೆಗೆ ತೆಗೆಯುವುದು ನಾಲ್ಕು ಚಮಚದಷ್ಟು. ಅದರಿಂದ ಏನೂ ಹೋಗುವುದಿಲ್ಲ. ಐದು ಲೀಟರಿಗಿಂತ ಜಾಸ್ತಿ ತೆಗೆದರೆ ಬದಲಿಗೆ ಆಲ್ಬುಮಿನ್ ಕೊಡುತ್ತೇವೆ.

ಎಲ್ಲರೂ ಕೊಡೆ ಹುಡುಕುತ್ತಿದ್ದಾಗ ಒಬ್ಬ ಹುಡುಗ ಹತ್ತಿರ ಬಂದ. ಮೈಕಿನಲ್ಲಿ ಕೇಳಲು ಸಂಕೋಚ. ಅಮ್ಮನಿಗೆ ಹೆಪಟೈಟಿಸ್ ಬಿ ಇದೆ, ಮಾತ್ರೆ ತಗೊಳ್ತಿದ್ದಾರೆ. ತಾನು ಪರೀಕ್ಷೆ ಮಾಡಿಸಿಲ್ಲ. ಮುಂದಿನ ತಿಂಗಳು ನಿಶ್ಚಿತಾರ್ಥ. ಏನಾದರೂ ಬಂದರೆ ಮದುವೆ ನಿಲ್ಲುತ್ತದಾ ಅನ್ನುವ ಭಯ.

ಬಂದರೂ ಮದುವೆಗೆ ಅಡ್ಡಿಯಿಲ್ಲ ಅಂದೆ. ಹುಡುಗಿಗೆ ಮೊದಲೇ ಮೂರು ಡೋಸ್ ಲಸಿಕೆ ಹಾಕಿಸಿದರಾಯಿತು. ನಿನಗೆ ಮಾತ್ರೆ ಬೇಕಾ ಬೇಡವಾ ಅಂತ ನೋಡೋಣ. ಬರದಿದ್ದರೆ ನಿನಗೂ ಲಸಿಕೆ. ಮನೆಯಲ್ಲಿ ಅಣ್ಣ ತಮ್ಮ, ಅಕ್ಕ ತಂಗಿ ಇದ್ದರೆ ಅವರನ್ನೂ ಕರೆದುಕೊಂಡು ಜಿಲ್ಲಾಸ್ಪತ್ರೆಗೆ ಹೋಗು. ದುಡ್ಡು ಕೊಡಬೇಕಾಗಿಲ್ಲ.

"ಖಾಲಿ ಹೊಟ್ಟೇಲಿ ಹೋಗಬೇಕಾ ಸರ್?"

ಬೇಡ, ತಿಂಡಿ ತಿಂದೇ ಹೋಗು ಅಂದೆ.